ಆರನೇ ಸಾಲಿನ ಆನೆ

ಫೆಬ್ರವರಿ 9

ಮಾನ್ಯ ಡಾಕ್ಟರಿಗೆ,

ಮೊದಲು ಕೃತಜ್ಞತೆ ಹೇಳಿ ಮುಗಿಸುತ್ತೇನೆ, ಆಮೇಲೆ ಜಗಳ. ಚೆಸ್ ಪಂದ್ಯಾವಳಿ ಮುಗಿದ ದಿನ ನನ್ನ ಯಂತ್ರದ ಬೀರುವನ್ನು ಮೆಟ್ಟಿಲಿಳಿಸುವಾಗ ಒಂದು ಕಡೆ ಹೆಗಲು ಕೊಟ್ಟವರು ನೀವು. ಆ ಕಟ್ಟಡದ ಲಿಫ್ಟನ್ನು ಬೆಳಿಗ್ಗೆ ನಾನೇ ರಿಪೇರಿ ಮಾಡಿದ್ದೆ, ಆದರೂ ಆರು ವರ್ಷದ ದುಡಿಮೆಯನ್ನು ಅದರೊಳಗೆ ತಳ್ಳಲು ನನಗೇ ಧೈರ್ಯ ಬರಲಿಲ್ಲ. ಸೋತವರ ಸಾಮಾನನ್ನು ಗೆದ್ದವರು ಹೊತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನಿಮ್ಮ ಅಂಗಿಗೆ ಗ್ರೀಸ್ ಹತ್ತಿತ್ತು. ಸೀಮೆಎಣ್ಣೆ ಹಾಕಿ ಉಜ್ಜಿದರೆ ಹೋಗುತ್ತದೆ.

ಇನ್ನು ಜಗಳ. ಕಂಪ್ಯೂಟರ್ ಚೆಸ್ ಸಂಘದ ಪತ್ರಿಕೆಯಲ್ಲಿ ನಿಮ್ಮ ಲೇಖನ ಓದಿದೆ. 'ಸೆಕೆಂಡಿಗೆ ಲಕ್ಷ ನಡೆ ಎಣಿಸುವ ಉಕ್ಕಿನ ಬೀರು, ಮೂಗಿನ ಮುಂದೆ ನಿಂತ ಆನೆಯನ್ನು ಕಾಣದೆ ತನ್ನ ಮಂತ್ರಿಯನ್ನು ಅದರ ಬಾಯಿಗೆ ಕೊಟ್ಟಿತು. ವೇಗವೇ ಬೇರೆ, ಬುದ್ಧಿಯೇ ಬೇರೆ.' ಬರೆಯುವಾಗ ನಿಮಗೆ ಬಹಳ ಖುಷಿಯಾಗಿರಬೇಕು.

ಡಾಕ್ಟರೇ, ನೀವು ಹಲ್ಲು ನೋಡುವವರು, ನಾನು ಲಿಫ್ಟಿನ ಕಂಟ್ರೋಲ್ ಬೋರ್ಡು ರಿಪೇರಿ ಮಾಡುವವಳು. ಚೆಸ್ ನಮ್ಮಿಬ್ಬರಿಗೂ ಹೊಟ್ಟೆಪಾಡಲ್ಲ, ಹುಚ್ಚು. ನಿಮ್ಮ ಹುಚ್ಚು ಅಂಗಡಿಯಲ್ಲಿ ಸಿಗುವ ಮಾಮೂಲಿ ಕಂಪ್ಯೂಟರಿನಲ್ಲಿ ಓಡುವ ಪ್ರೋಗ್ರಾಮ್. ನನ್ನದು ಚೆಸ್ ಬಿಟ್ಟು ಬೇರೇನೂ ಬಾರದ ಯಂತ್ರ. ಆನೆಯ ನಡೆಗೆ ಒಂದು ಬೋರ್ಡು, ಕುದುರೆಯ ನಡೆಗೆ ಇನ್ನೊಂದು, ಒಂದೊಂದು ತಂತಿಯನ್ನೂ ನಾನೇ ಬೆಸೆದದ್ದು. ಇಡಲು ಬೇರೆ ಪೆಟ್ಟಿಗೆ ಸಿಗದೆ ಬಟ್ಟೆ ಬೀರುವಿನೊಳಗೆ ಕೂರಿಸಿದ್ದೇನೆ. ಅದಕ್ಕೆ ಬುದ್ಧಿ ಇಲ್ಲ ಎಂದು ಒಂದೇ ಆಟ ನೋಡಿ ಬರೆದುಬಿಟ್ಟಿರಲ್ಲ.

ನಮ್ಮ ಮಾವನವರೂ ಓದಿದರು. ನನ್ನ ಗಂಡನ ತಂದೆ. ಅಂದು ಬೀರುವಿನ ಪರವಾಗಿ ನಿಮ್ಮ ಎದುರು ಕೂತಿದ್ದರಲ್ಲ, ಅವರೇ. ನೀವು ಮಣೆಯ ಮೇಲೆ ಆಡಿದ ನಡೆಯನ್ನು ನೋಡಿ ಗುಂಡಿ ಒತ್ತುವುದು, ಬೀರು ಹೇಳಿದ ಕಾಯಿಯನ್ನು ನಡೆಸುವುದು ಅವರ ಕೆಲಸ. ಓದಿದವರೇ ಪತ್ರಿಕೆ ಮಡಚಿಟ್ಟು ಎದ್ದುಹೋದರು. ನನ್ನ ಹೊಟ್ಟೆ ಉರಿದದ್ದು ಅದಕ್ಕೆ.

ಇಂತಿ,
ಬೀರುವಿನ ಒಡತಿ


ಫೆಬ್ರವರಿ 21

ಬೀರುವಿನ ಒಡತಿಗೆ ನಮಸ್ಕಾರಗಳು.

ನಿಮ್ಮ ಜಗಳ ಕೈಸೇರಿತು. ಸೀಮೆಎಣ್ಣೆಯೂ ಕೆಲಸ ಮಾಡಿತು. ಎರಡಕ್ಕೂ ಕೃತಜ್ಞ.

ಆದರೆ ಹೆಗಲು ಕೊಟ್ಟದ್ದನ್ನು ದೊಡ್ಡದು ಮಾಡಬೇಡಿ, ನಿಮ್ಮ ಋಣ ಅದಕ್ಕಿಂತ ದೊಡ್ಡದು. ಅಂದು ನಮ್ಮ ಆಟ ಶುರುವಾಗುವ ಹೊತ್ತಿಗೆ ನಾನು ಎರಡು ಮಹಡಿಗಳ ನಡುವೆ ಲಿಫ್ಟಿನಲ್ಲಿ ಸಿಕ್ಕಿಬಿದ್ದಿದ್ದೆ. ನೀವು ಸುಮ್ಮನೆ ಕೂತಿದ್ದರೆ ನನ್ನ ಗಡಿಯಾರ ಓಡಿ, ನನ್ನ ಪ್ರೋಗ್ರಾಮ್ ಒಂದು ನಡೆಯೂ ಆಡದೆ ಸೋಲುತ್ತಿತ್ತು. ನೀವು ಸ್ಕ್ರೂಡ್ರೈವರ್ ಹಿಡಿದು ಎದ್ದು ಬಂದಿರಿ. ಬಾಗಿಲು ತೆರೆದು ನೀವು ಹೇಳಿದ್ದು ನನಗಿನ್ನೂ ನೆನಪಿದೆ: "ಬೇಗ ಬನ್ನಿ ಡಾಕ್ಟ್ರೇ, ನಿಮ್ಮನ್ನ ಸೋಲಿಸೋಕೆ ಕಾಯ್ತಾ ಇದೀವಿ."

ಅಷ್ಟಾದರೂ ನನ್ನ ಅಭಿಪ್ರಾಯ ಬದಲಾಗದು. ನನ್ನ ಪ್ರೋಗ್ರಾಮಿಗೆ ಗುಮಾಸ್ತ ಎಂದು ಹೆಸರಿಟ್ಟಿದ್ದೇನೆ. ನಿಧಾನ, ಆದರೆ ಯಾವ ಕಾಗದವನ್ನೂ ಕಳೆಯುವವನಲ್ಲ. ಅವನು ಗೆದ್ದರೆ ಅದು ಯೋಚನೆಯ ಗೆಲುವು. ನಿಮ್ಮ ಬೀರು ಗೆದ್ದರೆ ಅದು ಬೆಸುಗೆಯ ಗೆಲುವು. ಎಲ್ಲರೂ ಓಡುವ ಪಂದ್ಯಕ್ಕೆ ಒಬ್ಬರು ಮೋಟರ್‌ಸೈಕಲ್ ಮನೆಯಲ್ಲೇ ಕಟ್ಟಿಕೊಂಡು ಬಂದರೆ, ಕಟ್ಟಿದವರ ಕೈಗೆ ನಮಸ್ಕಾರ ಮಾಡೋಣ, ಓಟದ ಬಹುಮಾನ ಕೊಡುವುದು ಬೇಡ.

ನಿಮಗೂ ಸುದ್ದಿ ಬಂದಿರಬಹುದು. ಮುಂದಿನ ವರ್ಷದಿಂದ ಎಲ್ಲರೂ ಒಂದೇ ಬಗೆಯ ಮಾಮೂಲಿ ಕಂಪ್ಯೂಟರಿನಲ್ಲಿ ಆಡಬೇಕು, ಚೆಸ್ಸಿಗೆಂದೇ ಕಟ್ಟಿದ ಯಂತ್ರ ಬೇಡ ಎಂಬ ಸೂಚನೆ ಏಪ್ರಿಲ್ ಕೊನೆಯಲ್ಲಿ ಸಂಘದ ಸಭೆಯ ಮುಂದೆ ಬರುತ್ತದೆ. ಮನೆಯಲ್ಲಿ ಕಟ್ಟಿದ ಯಂತ್ರಗಳು ನಡುವೆಯೇ ಕೈಕೊಡುತ್ತವೆ ಎನ್ನುವುದು ಅವರ ವಾದ, ನಮ್ಮ ಆಟವೇ ಅವರ ಸಾಕ್ಷಿ. ನಾನು ಸೂಚನೆಯ ಪರ. ಬೆನ್ನ ಹಿಂದೆ ಮಾಡುವುದಕ್ಕಿಂತ ಎದುರಿಗೇ ಹೇಳುತ್ತಿದ್ದೇನೆ.

ಒಂದು ಕುತೂಹಲ. ನಿಮ್ಮ ಮಂತ್ರಿಯನ್ನು ನನ್ನ ಆನೆ ಹೊಡೆದ ಮೇಲೆ, ಮಾವನವರು ಗುಂಡಿ ಒತ್ತಿದ ಕೂಡಲೇ ಬೀರುವಿನ ತಲೆಯ ಮೇಲೆ ಕೆಂಪು ದೀಪ ಹತ್ತಿತು. ಅವರು ಕನ್ನಡಕ ತೆಗೆದು ಒರೆಸಿ, ಬಹಳ ಹೊತ್ತು ಮಣೆ ನೋಡಿ, ರಾಜನನ್ನು ಮಲಗಿಸಿ ನನ್ನ ಕೈಕುಲುಕಿದರು. ಆ ದೀಪ ಏನು?

ನಿಮ್ಮ ವಿರೋಧ ಪಕ್ಷದ
ಹಲ್ಲಿನ ಡಾಕ್ಟರ್


ಮಾರ್ಚ್ 4

ಡಾಕ್ಟರೇ,

ಮೋಟರ್‌ಸೈಕಲ್ ಉಪಮೆ ಓದಿ ನಕ್ಕೆ, ಒಪ್ಪಲಿಲ್ಲ. ನೀವು ಹಲ್ಲು ಕೊರೆಯುವ ಯಂತ್ರ ಎಂಥದ್ದು? ಹಲ್ಲಿಗೆಂದೇ ಮಾಡಿದ್ದಲ್ಲವೇ? ಬಡಗಿಯ ಡ್ರಿಲ್ಲೇ ಸಾಕು, ಉಳಿದದ್ದು ಡಾಕ್ಟರ ಬುದ್ಧಿ ಎಂದು ನಿಮ್ಮ ರೋಗಿಗಳಿಗೆ ಒಮ್ಮೆ ಹೇಳಿ ನೋಡಿ. ಎಷ್ಟು ಜನ ಕುರ್ಚಿಯಲ್ಲಿ ಉಳಿಯುತ್ತಾರೋ ನನಗೂ ತಿಳಿಸಿ. ಯೋಚನೆ ಬರೀ ಪ್ರೋಗ್ರಾಮಿನಲ್ಲಿರುತ್ತದೆ, ತಂತಿಯಲ್ಲಿರುವುದಿಲ್ಲ ಎಂದು ನಿಮಗೆ ಯಾರು ಹೇಳಿದರು? ಕುದುರೆ ಎಲ್ಲೆಲ್ಲಿಗೆ ಹಾರಬಹುದು ಎಂಬುದನ್ನು ತಂತಿಗೆ ಕಲಿಸಲು ನಾನು ಒಂದು ಬೇಸಿಗೆ ಪೂರ್ತಿ ತಲೆ ಕೆಡಿಸಿಕೊಂಡಿದ್ದೇನೆ.

ಆ ದೀಪ ಬಿಸಿ ಹೆಚ್ಚಾದರೆ ಹತ್ತುವುದು. ಅದರ ಮೇಲೆ ತಲೆ ಕೆಡಿಸಿಕೊಳ್ಳಬೇಡಿ. ಆ ಆಟದ ವಿಚಾರವನ್ನೇ ಬಿಡಿ.

ನಿಷೇಧವಾದರೆ ಬೀರು ಬೇರೆ ಯಾವ ಕೆಲಸಕ್ಕೂ ಬಾರದು. ಅದನ್ನು ಬಿಚ್ಚಿ ಮತ್ತೆ ಬಟ್ಟೆ ಇಡಬೇಕು. ನನ್ನ ಗಂಡನಿಗೆ ಅದೇ ಬೇಕಾಗಿದೆ, ಅವರ ಅಂಗಿಗಳು ಆರು ವರ್ಷದಿಂದ ಕುರ್ಚಿಯ ಮೇಲಿವೆ.

ಮಾವನವರು ಚೆಸ್ ಮಣೆಯನ್ನು ಅಟ್ಟಕ್ಕೆ ಏರಿಸಿದ್ದಾರೆ. ಕೇಳಿದರೆ "ಶೀತ ಆಗಿದೆ ಕಣಮ್ಮ" ಅನ್ನುತ್ತಾರೆ. ಶೀತಕ್ಕೂ ಚೆಸ್ಸಿಗೂ ಏನು ಸಂಬಂಧವೋ. ಬಂದರಿನಲ್ಲಿ ಮೂವತ್ತು ವರ್ಷ ಕ್ರೇನ್ ಓಡಿಸಿದವರು ಅವರು. ಹಡಗಿನ ಸರಕನ್ನು ಗೆರೆ ಎಳೆದ ಜಾಗದಲ್ಲಿ ಒಂದು ಬೆರಳೂ ಆಚೀಚೆ ಇಲ್ಲದೆ ಇಳಿಸುತ್ತಿದ್ದರಂತೆ. ನಿವೃತ್ತರಾದ ಮೇಲೆ ಮನೆಯಲ್ಲಿ ಮೂಲೆ ಹಿಡಿದು ಕೂತವರನ್ನು ಬೀರು ಎಬ್ಬಿಸಿತು. ನಾನು ಬೆಸೆಯುವಾಗ ಟಾರ್ಚ್ ಹಿಡಿದವರೂ ಅವರೇ, ನನಗೆ ಚೆಸ್ ಕಲಿಸಿದವರೂ ಅವರೇ.

ಅಂದಹಾಗೆ, ಹಲ್ಲಿನ ಡಾಕ್ಟರು ಎಂದರೆ ಅವರಿಗೆ ಜೀವ ಹೋಗುತ್ತದೆ. ಹುಳುಕು ದವಡೆ ಹಲ್ಲನ್ನಿಟ್ಟುಕೊಂಡು ವರ್ಷಗಳಿಂದ ಒಂದೇ ಕಡೆ ಅಗಿಯುತ್ತಾರೆ. ಅಂಥವರು ಅಂದು ನಿಮ್ಮ ಎದುರು ಅಷ್ಟು ಹೊತ್ತು ಕೂತದ್ದೇ ಹೆಚ್ಚು.

ಬೀರುವಿನ ಒಡತಿ


ಮಾರ್ಚ್ 19

ಮೇಡಂ,

ನೀವು ಬಿಡಿ ಎಂದಿರಿ, ನನ್ನಿಂದ ಬಿಡಲಾಗಲಿಲ್ಲ. ಅಂದು ಆ ಹಾಲಿನಲ್ಲಿ ನೀವು ಶಾಲು ಹೊದ್ದು ಕೂತಿದ್ದಿರಿ. ಅಂಥ ಚಳಿಯಲ್ಲಿ ಬಿಸಿಯ ದೀಪ ಹತ್ತಿದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಆಟವನ್ನು ಮತ್ತೆ ಮೊದಲಿಂದ ಗುಮಾಸ್ತನ ಮುಂದೆ ಇಟ್ಟೆ. ನನ್ನ ಆನೆ ಆರನೇ ಸಾಲಿಗೆ ಬಂದಾಗ, ನಿಮ್ಮ ಕಡೆಯಿಂದ ಏನು ಆಡುತ್ತೀಯ ಎಂದು ಕೇಳಿದೆ. ಅವನು ಮಂತ್ರಿಯನ್ನು ಆ ಸಾಲಿನ ಹತ್ತಿರಕ್ಕೂ ತರಲಿಲ್ಲ. ಆಮೇಲೆ ಏನನ್ನಿಸಿತೋ, ಆನೆಯನ್ನು ಒಂದು ಮನೆ ಮುಂದೆ, ಏಳನೇ ಸಾಲಿನಲ್ಲಿಟ್ಟು ಕೇಳಿದೆ. ನಾನು ಒಬ್ಬರ ಹಲ್ಲು ತುಂಬಿ ಬರುವಷ್ಟು ಹೊತ್ತು ಗುಮಾಸ್ತ ಯೋಚಿಸಿ, ನಿಮ್ಮ ಬೀರು ಆಡಿದ ನಡೆಯನ್ನೇ ಆಡಿದ. ಅದು ಒಳ್ಳೆಯ ನಡೆ. ಬಹಳ ಒಳ್ಳೆಯ ನಡೆ. ಆನೆ ಅಲ್ಲಿದ್ದಿದ್ದರೆ ನಾನು ಸೋಲುತ್ತಿದ್ದೆ.

ನಿಮ್ಮ ಯಂತ್ರ ಕುರುಡಾಗಿರಲಿಲ್ಲ. ಆನೆ ಏಳನೇ ಸಾಲಿನಲ್ಲಿದೆ ಎಂದು ಅದಕ್ಕೆ ಯಾರೋ ಹೇಳಿದ್ದರು.

ತಪ್ಪು ತಿಳಿಯಬೇಡಿ. ಮಾವನವರ ಕಣ್ಣು ಹೇಗಿದೆ?

ಹಲ್ಲಿನ ಡಾಕ್ಟರ್


ಮಾರ್ಚ್ 28

ಡಾಕ್ಟರೇ,

ನಿಮ್ಮ ಪತ್ರವನ್ನು ಯಾರಿಗೂ ಕಾಣದ ಹಾಗೆ ಚೀಲಕ್ಕೆ ಹಾಕಿಕೊಂಡು ಬಂದೆ. ವರ್ಕ್‌ಶಾಪಿನಲ್ಲಿ ಬೋರ್ಡುಗಳ ಹಿಂದೆ ಕೂತು ಇದನ್ನು ಬರೆಯುತ್ತಿದ್ದೇನೆ, ಮನೆಯಲ್ಲಿ ಬರೆಯುವ ಹಾಗಿಲ್ಲ.

ಹೌದು. ಅಂದು ಸಂಜೆ ಹಾಲಿನಿಂದ ಹೊರಡುವ ಮೊದಲೇ ಬೀರುವಿನ ನೆನಪನ್ನು ಓದಿ ನೋಡಿದೆ. ಅದರ ಪ್ರಕಾರ ಆನೆ ಏಳನೇ ಸಾಲಿನಲ್ಲಿತ್ತು. ಮಾವನ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಎಂದರೆ ಹಲ್ಲಿನ ಡಾಕ್ಟರಿಗೆ ಹೆದರುವುದಕ್ಕಿಂತ ಹೆಚ್ಚು ಹೆದರುತ್ತಾರೆ. ಕೆಂಪು ದೀಪ 'ಇಂಥ ನಡೆ ಸಾಧ್ಯವಿಲ್ಲ' ಎಂದು ಹೇಳುವ ದೀಪ. ಏಳನೇ ಸಾಲಿನ ಆನೆ ಆರನೇ ಸಾಲಿನ ಮಂತ್ರಿಯನ್ನು ಹೇಗೆ ಹೊಡೆಯಿತು ಎಂದು ಬೀರು ಪಾಪ ಕೇಳುತ್ತಿತ್ತು. ಮನೆಗೆ ಬರುವ ದಾರಿಯಲ್ಲಿ ನಾನೇ ಮಾವನಿಗೆ ಹೇಳಿದೆ, "ಯಾವುದೋ ಬೆಸುಗೆ ಬಿಟ್ಟಿದೆ, ಬಿಸಿಗೆ ಹೀಗಾಯ್ತು, ನಂದೇ ತಪ್ಪು" ಅಂತ. ಅವರು "ಹಾಗಾ" ಅಂದರು, ಅಷ್ಟೇ.

ನೀವು ಸಂಘಕ್ಕೆ ಹೇಳಿದರೆ ಬೀರು ಉಳಿಯುತ್ತದೆ, ನನಗೆ ಗೊತ್ತು. ಆದರೆ ಮುದುಕರೊಬ್ಬರ ಕಣ್ಣಿನಿಂದ ಹೀಗಾಯಿತು ಎಂದು ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಮೂವತ್ತು ವರ್ಷ ಗೆರೆ ತಪ್ಪದೆ ಸರಕು ಇಳಿಸಿದವರು ಅದನ್ನು ಓದಬೇಕಾಗುತ್ತದೆ. ಬೀರು ಹೋದರೆ ಹೋಗಲಿ. ಇನ್ನೊಂದನ್ನು ಕಟ್ಟಬಲ್ಲೆ, ಇನ್ನೊಬ್ಬ ಮಾವನನ್ನು ಎಲ್ಲಿಂದ ತರಲಿ? ದಯವಿಟ್ಟು ಬಾಯಿಬಿಡಬೇಡಿ. ಸೂಚನೆಯ ಪರ ಕೈ ಎತ್ತಿ, ನನಗೆ ಬೇಸರವಿಲ್ಲ.

ನಿಮ್ಮನ್ನು ಏನನ್ನೂ ಕೇಳಿದವಳಲ್ಲ. ಇದೊಂದನ್ನು ಕೇಳುತ್ತಿದ್ದೇನೆ.


ಏಪ್ರಿಲ್ 14

ಡಾಕ್ಟರೇ,

ಉತ್ತರ ಬರಲಿಲ್ಲ. ದಿನಾ ಅಂಚೆಯವರ ದಾರಿ ನೋಡಿ ನೋಡಿ ಸಾಕಾಯಿತು. ಹೇಳಿಬಿಟ್ಟಿರೋ, ಹೇಳಲಿರುವಿರೋ, ಒಂದು ಸಾಲು ಬರೆದಿದ್ದರೆ ನಾನು ಮಾವನನ್ನು ಸಜ್ಜುಮಾಡಿಕೊಳ್ಳುತ್ತಿದ್ದೆ. ಗೆದ್ದವರಿಗೆ ಇಷ್ಟು ಮೌನ ಶೋಭಿಸುವುದಿಲ್ಲ.


ಏಪ್ರಿಲ್ 26

ಡಾಕ್ಟರೇ,

ಹಿಂದಿನ ಪತ್ರವನ್ನು ಹರಿದುಹಾಕಿ. ಅದನ್ನು ಬರೆದ ಕೈಗೆ ನಾನೇ ಎರಡು ಏಟು ಕೊಟ್ಟುಕೊಂಡಿದ್ದೇನೆ.

ಸಭೆಗೆ ಮುಂಚೆ ಎಲ್ಲ ಸದಸ್ಯರಿಗೂ ಕಳಿಸಿದ ಕಾಗದಗಳಲ್ಲಿ ನಿಮ್ಮ ಹೇಳಿಕೆಯೂ ಇತ್ತು. 'ಅಂದಿನ ಆಟದಲ್ಲಿ ನಾನು ಆನೆಯನ್ನು ಆರನೇ ಮತ್ತು ಏಳನೇ ಸಾಲಿನ ಮನೆಗಳ ನಡುವೆ, ಗೆರೆಯ ಮೇಲೆ ಇಟ್ಟಿದ್ದೆ. ಈಚೆಗೆ ನನ್ನ ಕೈ ಸ್ವಲ್ಪ ನಡುಗುತ್ತದೆ. ಎದುರು ಕೂತವರು ಯಾವ ಮನೆಯೆಂದು ತಿಳಿದರೂ ಅದು ಅವರ ತಪ್ಪಲ್ಲ, ಯಂತ್ರದ ತಪ್ಪಂತೂ ಅಲ್ಲವೇ ಅಲ್ಲ. ಆ ಗೆಲುವಿನ ಅಂಕ ನನಗೆ ಬೇಡ. ನನ್ನ ಲೇಖನವನ್ನು ಹಿಂತೆಗೆದುಕೊಳ್ಳುತ್ತೇನೆ.'

ನೀವು ಆ ಆನೆಯನ್ನು ಮನೆಯ ನಟ್ಟನಡುವೆ ಇಟ್ಟದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹಲ್ಲಿನ ಡಾಕ್ಟರು ಕೈ ನಡುಗುತ್ತದೆ ಎಂದು ಬರೆದುಕೊಡುವುದೆಂದರೆ ಏನು ಎಂಬುದು ನನಗೆ ತಿಳಿಯದೇ? ಓದುತ್ತಾ ವರ್ಕ್‌ಶಾಪಿನಲ್ಲಿ ಎಲ್ಲರೆದುರಿಗೆ ಅತ್ತುಬಿಟ್ಟೆ. ಬೆಸುಗೆಯ ಹೊಗೆ ಎಂದೆ. ಅಲ್ಲಿ ಯಾರೂ ಬೆಸೆಯುತ್ತಿರಲಿಲ್ಲ.

ಮಾವನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಇನ್ನೊಂದು ಸಲ ಓದು ಅಂದರು. ಓದಿದೆ. "ಕೈ ನಡುಗತ್ತೆ ಅಂತ ಅವರೇ ಬರೆದಿದಾರಾ?" ಎಂದು ಕೇಳಿದರು. ಹೌದು ಅಂದೆ. ಎದ್ದು ಹೋಗಿ, ಸ್ಟೂಲ್ ಹಾಕಿಕೊಂಡು ಅಟ್ಟದಿಂದ ಮಣೆ ಇಳಿಸಿದರು. ನಂಬಿದ್ದಾರೆ ಡಾಕ್ಟರೇ. ಅವರ ಎದೆಯ ಮೇಲಿನ ಭಾರವನ್ನು ನೀವು ಇಳಿಸಿದಿರಿ. ನಿಮಗೆ ಹೇಗೆ ಕೃತಜ್ಞತೆ ಹೇಳಬೇಕೋ ನನಗೆ ತಿಳಿಯದು. ನನಗೆ ಒಡಹುಟ್ಟಿದವರಿಲ್ಲ. ಇನ್ನು ಮೇಲೆ ಮೇಡಂ ಗೀಡಂ ಅನ್ನಬೇಡಿ.

ನಿಮ್ಮ ಅಕ್ಕ ಎಂದೇ ತಿಳಿಯಿರಿ


ಮೇ 15

ಅಕ್ಕಾ,

ಹಾಗೆ ಕರೆಯಲು ಅಪ್ಪಣೆ ಸಿಕ್ಕಿದ್ದೇ ಈ ವರ್ಷದ ಬಹುಮಾನ. ನಾನು ಕೊಟ್ಟ ಅಂಕಕ್ಕಿಂತ ಇದು ದೊಡ್ಡದು, ನಿಮಗೇ ಲಾಭ ಎಂದುಕೊಳ್ಳಬೇಡಿ.

ಸಭೆಯಲ್ಲಿ ಸೂಚನೆ ಬಿದ್ದುಹೋಯಿತು. ಬೀರು ಮುಂದಿನ ವರ್ಷವೂ ಆಡಬಹುದು. ಭಾವನವರ ಅಂಗಿಗಳಿಗೆ ನನ್ನ ಸಂತಾಪ. ನಾನು ಮಾತ್ರ ಸೂಚನೆಯ ಪರವಾಗಿಯೇ ಕೈ ಎತ್ತಿದೆ. ಪಕ್ಕದಲ್ಲಿದ್ದವರು ನನ್ನನ್ನು ವಿಚಿತ್ರವಾಗಿ ನೋಡಿದರು. ಏನು ಮಾಡಲಿ, ಮೋಟರ್‌ಸೈಕಲ್ ಮೋಟರ್‌ಸೈಕಲ್ಲೇ. ಅದು ಕುರುಡಲ್ಲ ಎಂದಷ್ಟೇ ನಾನು ಒಪ್ಪಿರುವುದು.

ಉತ್ತರ ಬರೆಯದೆ ನಿಮ್ಮನ್ನು ಕಾಯಿಸಿದ್ದನ್ನು ಹೊಟ್ಟೆಗೆ ಹಾಕಿಕೊಳ್ಳಿ. ಹೇಳಿಕೆ ಬರೆಯುತ್ತೇನೆ ಎಂದು ಮೊದಲೇ ತಿಳಿಸಿದ್ದರೆ ನೀವು ಬೇಡ ಎನ್ನುತ್ತಿದ್ದಿರಿ. ಬರೆಯಲು ಕಷ್ಟವೇನೂ ಆಗಲಿಲ್ಲ. ಎರಡು ಮಹಡಿಗಳ ನಡುವೆ ಸಿಕ್ಕಿಬಿದ್ದವನಿಗೆ ಎರಡು ಮನೆಗಳ ನಡುವೆ ಆನೆ ಇಡುವುದು ಬಲು ಸುಲಭ.

ಇಲ್ಲಿ ಎಲ್ಲ ಚೆನ್ನಾಗಿದೆ. ಈಗ ಮಧ್ಯಾಹ್ನವೆಲ್ಲ ಬಿಡುವು ಸಿಗುತ್ತಿರುವುದರಿಂದ ಗುಮಾಸ್ತನಿಗೆ ಹೊಸ ಪಾಠ ಹೇಳಿಕೊಡುತ್ತಿದ್ದೇನೆ. ಮುಂದಿನ ವರ್ಷ ಹುಷಾರಾಗಿರಿ. ಮಾವನವರಿಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ತಮ್ಮ


ಜೂನ್ 3

ಅಕ್ಕಾ,

ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ. ತಂದು ಕೊಟ್ಟವರು ಈಗ ನಿಮ್ಮ ಎದುರು ನಿಂತಿರುತ್ತಾರೆ. ಹಳೇ ಸ್ನೇಹಿತರ ಮನೆಗೆ ಹೋಗಿ ಬರುತ್ತೇನೆ ಎಂದು ನಿಮಗೆ ಹೇಳಿ ಹೊರಟ ಮಾವನವರು ಬಸ್ಸು ಹತ್ತಿ ನನ್ನ ಕ್ಲಿನಿಕ್ಕಿಗೆ ಬಂದಿದ್ದರು.

ನಿಮ್ಮಿಂದ ಒಂದನ್ನು ಮುಚ್ಚಿಟ್ಟಿದ್ದೆ, ಈಗ ಹೇಳಲೇಬೇಕು. ನಮ್ಮ ಊರಿನಲ್ಲೂ ಸಂಘದ ಸದಸ್ಯರಿದ್ದಾರೆ, ಅವರಿಗೆ ಬಾಯಿಯೂ ಇದೆ. ಡಾಕ್ಟರ ಕೈ ನಡುಗುತ್ತದಂತೆ ಎಂಬ ಮಾತು ಹಬ್ಬಿ, ಎದುರು ರಸ್ತೆಯ ಡಾಕ್ಟರ ಹತ್ತಿರ ಸಾಲು ಉದ್ದವಾಯಿತು. ಹಲ್ಲು ಕಟ್ಟಿಸಲು ಅಳತೆ ಕೊಟ್ಟಿದ್ದ ಅಜ್ಜಿಯೊಬ್ಬರು "ಕೈ ಚಾಚಿ ತೋರ್ಸಪ್ಪ" ಎಂದು ಪರೀಕ್ಷೆ ಮಾಡಿದರು. ಅವರು ಹಾಗೆ ನೋಡುತ್ತಿದ್ದರೆ ನಡುಗದ ಕೈಯೂ ನಡುಗುತ್ತದೆ.

ಇವತ್ತು ಬೆಳಿಗ್ಗೆ ಆ ಅಜ್ಜಿಯೂ ಇನ್ನಿಬ್ಬರೂ ಹೊರಗೆ ಬೆಂಚಿನ ಮೇಲೆ, ಕೂರುವುದೋ ಹೋಗುವುದೋ ಎಂದು ಅನುಮಾನಿಸುತ್ತಿದ್ದರು. ಮಾವನವರು ಚೀಲ ಹಿಡಿದು ನೇರವಾಗಿ ಒಳಗೆ ಬಂದು ಕುರ್ಚಿಯಲ್ಲಿ ಒರಗಿದರು. "ದವಡೆ ಹಲ್ಲು. ಕೀಳಿ," ಅಂದರು. ನರ್ಸ್ ಬಾಗಿಲು ಮುಚ್ಚಲು ಹೋದಳು. "ಮುಚ್ಚಬೇಡಮ್ಮ, ತೆಗೆದೇ ಇರ್ಲಿ," ಅಂದರು.

ಕಿತ್ತೆ. ಬೇರು ವಕ್ರವಾಗಿತ್ತು, ಸುಲಭದ ಹಲ್ಲಲ್ಲ. ಅವರು ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದಿದ್ದರು, ಆದರೆ ಒಮ್ಮೆಯೂ ಮುಖ ಸರಿಸಲಿಲ್ಲ. ಮುಗಿದ ಮೇಲೆ ಕೆನ್ನೆಯಲ್ಲಿ ಹತ್ತಿ ಇಟ್ಟುಕೊಂಡೇ ಎದ್ದು ಬಾಗಿಲಿಗೆ ಹೋಗಿ, ಬೆಂಚಿನವರಿಗೆ ತೊದಲುತ್ತಾ ಹೇಳಿದರು: "ಮೂವತ್ತು ವರ್ಷ ಕ್ರೇನ್ ಓಡ್ಸಿದೋನು ನಾನು. ನಡುಗೋ ಕೈ ಯಾವ್ದು, ನಡುಗದ ಕೈ ಯಾವ್ದು ಅಂತ ನಂಗೆ ಗೊತ್ತು. ಒಳಗ್ ಹೋಗಿ." ಅಜ್ಜಿ ಮೊದಲು ಎದ್ದರು.

ಆಮೇಲೆ ಇಬ್ಬರೇ ಇದ್ದಾಗ ನನ್ನ ಹತ್ತಿರ ಬಂದು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಆನೆ ಆರನೇ ಸಾಲಲ್ಲೇ ಇತ್ತು ಡಾಕ್ಟ್ರೇ. ಮನೆ ಮಧ್ಯದಲ್ಲೇ ಇತ್ತು. ಆ ಕೆಂಪು ದೀಪಕ್ಕೆ ತಂತಿ ಬೆಸೆಯೋವಾಗ ಟಾರ್ಚ್ ಹಿಡಿದೋನು ನಾನು, ಅದು ಯಾತಕ್ಕೆ ಹತ್ತತ್ತೆ ಅಂತ ನಂಗೊತ್ತಿಲ್ವಾ? ಬಿಸಿಗೆ ಅಂತ ಸೊಸೆ ಹೇಳಿದ್ಲು. ನನ್ನ ಮಾನ ಉಳಿಸೋಕೆ ಅವಳು ತನ್ನ ಬೆಸುಗೆ ಮೇಲೇ ತಪ್ಪು ಹಾಕ್ಕೊಂಡಳಲ್ಲ, ಅದನ್ನ ಸುಳ್ಳು ಅಂತ ನಾನು ಹೇಗೆ ಹೇಳ್ಲಿ? ಸಭೆಗೆ ಹೋಗಿ ಒಪ್ಕೊಂಡ್ಬಿಡೋಣ ಅಂತ ಟಿಕೆಟ್ ತಗೊಂಡಿದ್ದೆ. ಅಷ್ಟರಲ್ಲಿ ನಿಮ್ಮ ಹೇಳಿಕೆ ಓದಿದ್ಲು. ಆಮೇಲೆ ನಿಮ್ಮ ಕಾಗದ ಬಂತು, ಕೊನೇ ನಾಲ್ಕು ಸಾಲು ಮಾತ್ರ ಓದಿ ಹೇಳಿದ್ಲು. ಹಲ್ಲಿನ ಡಾಕ್ಟ್ರಿಗೆ ಮಧ್ಯಾಹ್ನ ಬಿಡುವು ಯಾಕೆ ಸಿಗತ್ತೆ ಅಂತ ಅವಳಿಗೆ ಹೊಳೀಲಿಲ್ಲ, ನಂಗೆ ಹೊಳೀತು."

ಇಷ್ಟು ತಿಂಗಳು ಅವರನ್ನು ಕಾಪಾಡುತ್ತಿದ್ದೇವೆ ಎಂದುಕೊಂಡಿದ್ದೆವು ಅಕ್ಕಾ. ಅವರು ನಮ್ಮಿಬ್ಬರನ್ನೂ ಕಾಪಾಡಿಕೊಂಡು ಕೂತಿದ್ದರು. ಅವರ ಕೈ ಹಿಡಿದುಕೊಂಡೆ. ಆಗ ಮಾತ್ರ ನನ್ನ ಕೈ ನಡುಗಿತು.

ಇನ್ನೆರಡು ಮಾತು ನಿಮಗೆ ತಿಳಿಸಲು ಹೇಳಿದ್ದಾರೆ. ಒಂದು, ಕಣ್ಣಿನ ಆಪರೇಷನ್ನಿಗೆ ದಿನ ಗೊತ್ತುಮಾಡಿ. ಹಲ್ಲೇ ಆಯಿತು, ಇನ್ನು ಕಣ್ಣಿಗೇನು ಹೆದರುವುದು ಎನ್ನುತ್ತಿದ್ದಾರೆ. ಇನ್ನೊಂದು, ಮುಂದಿನ ವರ್ಷ ಬೀರುವಿನ ಪರವಾಗಿ ಅವರೇ ಕೂರುತ್ತಾರೆ. ನಾನು ಎದುರು ಕೂರುತ್ತೇನೆ, ಮತ್ತು ಗುಮಾಸ್ತ ನಿಮ್ಮನ್ನು ಸೋಲಿಸುತ್ತಾನೆ.

ಇದನ್ನೆಲ್ಲ ಎದುರಿಗೆ ಹೇಳಲು ತಮ್ಮಿಂದಾಗದು, ನೀವೇ ಬರೆದುಕೊಡಿ ಎಂದರು. ಇವತ್ತು ಅವರು ಹೆಚ್ಚು ಮಾತಾಡುವಂತಿಲ್ಲ, ಬಿಸಿಯದ್ದೇನೂ ಕೊಡಬೇಡಿ. ಹಾಗಾಗಿ ಅಕ್ಕಾ, ಪತ್ರ ಮಡಚಿಟ್ಟು ನೀವೇ ಮೊದಲು ಮಾತಾಡಿ.

ನಿಮ್ಮ ತಮ್ಮ